ಇಟ್ಟಿಗೆ ಒಂದೇ, ಜೋಡಣೆ ಬೇರೆ

ಗೊಟ್ಟಿಗೆರೆಯ ಪಿಜಿಯಲ್ಲಿರೋ ನಮಗೆ ಕಾರ್ಬೋಹೈಡ್ರೇಟ್ ಅಂದ್ರೆ ಬೆಳಗ್ಗೆ ಚಿತ್ರಾನ್ನ, ರಾತ್ರಿ ಅನ್ನ-ಸಾರು. ಪಿಯುಸಿಯಲ್ಲಿ ಓದಿದ್ದ ಆ ಪಾಠಕ್ಕೆ ಜೀವ ತಂದವನು ನಮ್ಮ ರೂಮಿನ ಗೆಳೆಯ. ಅವನಿಗೆ ಚಿಕ್ಕಂದಿನಿಂದ ಟೈಪ್ 1 ಡಯಾಬಿಟಿಸ್, ದಿನಾ ಇನ್ಸುಲಿನ್ ಬೇಕು.

ಇಂಟರ್ನಲ್ಸ್ ಹಿಂದಿನ ರಾತ್ರಿ. ಇನ್ಸುಲಿನ್ ತಗೊಂಡಿದ್ದ, ಊಟ ಸರಿಯಾಗಿ ಸೇರಿರಲಿಲ್ಲ. ಓದುತ್ತಾ ಕೂತವನು ಬೆವರತೊಡಗಿದ, ಕೈ ನಡುಗಿತು, ಮಾತು ತೊದಲಿತು. ನಮ್ಮಲ್ಲೊಬ್ಬ ಬಿಸ್ಕತ್ ಪ್ಯಾಕೆಟ್ ತೆಗೆದ. "ಬಿಸ್ಕತ್ ಆಮೇಲೆ, ಮೊದಲು ಸಕ್ಕರೆ ನೀರು ಕೊಡ್ರೋ" ಅಂದ. ಮೂರು ಚಮಚ ಸಕ್ಕರೆ ಕದಡಿ ಕೊಟ್ವಿ. ಹದಿನೈದು ನಿಮಿಷಕ್ಕೆ ಮೀಟರಿನ ಅಂಕಿ 56ರಿಂದ 88ಕ್ಕೆ ಏರಿತ್ತು. ನಮ್ಮ ಉಸಿರೂ ಆಗಲೇ ವಾಪಸ್ ಬಂದಿದ್ದು.

ಬಿಸ್ಕತ್ತಲ್ಲೂ ಸಕ್ಕರೆ ಇರುತ್ತಲ್ಲ, ಅದ್ಯಾಕೆ ಆಮೇಲೆ? ಉತ್ತರ ಜೋಡಣೆಯಲ್ಲಿದೆ. ಗ್ಲೂಕೋಸ್ ಅನ್ನೋದು ಆರು ಕಾರ್ಬನ್, ಹನ್ನೆರಡು ಹೈಡ್ರೋಜನ್, ಆರು ಆಕ್ಸಿಜನ್ ಸೇರಿದ ಒಂದು ಇಟ್ಟಿಗೆ. ಸಕ್ಕರೆಯಲ್ಲಿ ಇಟ್ಟಿಗೆ ಎರಡೇ: ಒಂದು ಗ್ಲೂಕೋಸ್, ಒಂದು ಫ್ರಕ್ಟೋಸ್. ಒಂದೇ ಕೊಂಡಿ ಕಳಚಿದರೆ ಗ್ಲೂಕೋಸ್ ರಕ್ತಕ್ಕೆ ಸೇರೋಕೆ ರೆಡಿ. ಬಿಸ್ಕತ್ತಿನ ಮೈದಾದಲ್ಲಿರೋದು ಪಿಷ್ಟ, ಅಂದ್ರೆ ನೂರಾರು, ಸಾವಿರಾರು ಗ್ಲೂಕೋಸುಗಳ ಸರಪಳಿ. ಕಿಣ್ವಗಳು ಅದನ್ನು ಬಿಡಿಸಬೇಕು. ಜೊತೆಗಿರೋ ಕೊಬ್ಬು ಇನ್ನಷ್ಟು ತಡ ಮಾಡುತ್ತೆ.

ಅದೇ ಗ್ಲೂಕೋಸನ್ನ ಒಂದು ಬಿಟ್ಟು ಒಂದು ತಲೆಕೆಳಗಾಗಿ ಜೋಡಿಸಿದರೆ ಸೆಲ್ಯುಲೋಸ್. ನಮ್ಮ ಕೆರೆ ಏರಿಯ ಹುಲ್ಲು, ನಾವು ಬರೆಯೋ ರೆಕಾರ್ಡ್ ಪುಸ್ತಕದ ಹಾಳೆ ಎರಡೂ ಅದೇ. ಆ ಕೊಂಡಿ ಕತ್ತರಿಸೋ ಕಿಣ್ವ ನಮ್ಮಲ್ಲಿಲ್ಲ. ಹಸುವಿನ ಹೊಟ್ಟೆಯ ಸೂಕ್ಷ್ಮಜೀವಿಗಳಲ್ಲಿದೆ. ಅದಕ್ಕೇ ಹಸುವಿಗೆ ಹುಲ್ಲು ಊಟ, ನಮಗೆ ಬರೀ ನಾರು.

ಮೈತೂಕದಲ್ಲಿ ಮಿದುಳಿನ ಪಾಲು ಶೇ. 2 ಮಾತ್ರ. ಆದರೆ ಸುಮ್ಮನೆ ಕೂತಾಗಲೂ ದೇಹದ ಶಕ್ತಿಯಲ್ಲಿ ಸುಮಾರು ಶೇ. 20 ಅದಕ್ಕೇ ಬೇಕು, ಅದೂ ಮುಖ್ಯವಾಗಿ ಗ್ಲೂಕೋಸಿನಿಂದ. ಊಟ ತಪ್ಪಿದರೆ ಯಕೃತ್ತು ಗ್ಲೈಕೋಜನ್ ಅಂತ ಕೂಡಿಟ್ಟಿದ್ದನ್ನ ಕರಗಿಸಿ ನಮ್ಮನ್ನ ಕಾಯುತ್ತೆ. ಇನ್ಸುಲಿನ್ ತಗೊಂಡವನಿಗೆ ಈ ಕಾವಲು ಕೆಲವೊಮ್ಮೆ ಸಾಲದು. ಆಗ ಮಾತು ತೊದಲಬಹುದು, ಬುದ್ಧಿ ಮಂಕಾಗಬಹುದು. ನೋಡಿದವರು ಕುಡಿದಿದ್ದಾನೆ ಅಂದ್ಕೋಬಹುದು.

"ಶುಗರ್ ಇರೋನಿಗೆ ಸಕ್ಕರೆನಾ?" ಅಂತ ಕೇಳೋರು ಕ್ಲಾಸಲ್ಲಿ ಇನ್ನೂ ಇದ್ದಾರೆ. ಎಚ್ಚರವಿದ್ದು ನುಂಗೋಕಾದರೆ ಹೌದು, ಸಕ್ಕರೆನೇ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ, ತಕ್ಷಣ 108ಕ್ಕೆ ಫೋನ್ ಮಾಡಿ. ನಮ್ಮ ರೂಮಿನ ಕಿಟಕಿ ಮೇಲೆ ಈಗ ಗ್ಲೂಕೋಸ್ ಡಬ್ಬಿ ಇದೆ. ಟೀಗೆ ಅಂತ ಯಾರೂ ಮುಟ್ಟಲ್ಲ.