ತೆಂಗಿನ ನಾಡಿನಲ್ಲಿ ಕುಟ್ರ ಹಕ್ಕಿ

ಯಡಿಯೂರಿನಲ್ಲಿ ತೋಂಟದ ಸಿದ್ಧಲಿಂಗೇಶ್ವರರ ದರ್ಶನ ಮುಗಿಸಿಕೊಂಡು ಮಾಯಸಂದ್ರದ ಮೇಲೆ ತುರುವೇಕೆರೆಗೆ ಸಾಗುವವರಿಗೆ ದಾರಿಯ ಇಕ್ಕೆಲಗಳಲ್ಲಿಯೂ ಕಾಣುವುದು ತೆಂಗಿನ ತೋಟಗಳೇ. ತಿಪಟೂರು, ಚಿಕ್ಕನಾಯಕನಹಳ್ಳಿಗಳವರೆಗೂ ಇದೇ ನೋಟ. ಗಂಗಾಧರೇಶ್ವರನ ಗುಡಿಯ ಮಿರುಗುವ ಕರಿಕಲ್ಲಿನ ನಂದಿಯನ್ನೂ ಹೊಯ್ಸಳರ ಕಾಲದ ಮೂಲೆ ಶಂಕರೇಶ್ವರ, ಚೆನ್ನಕೇಶವ ದೇಗುಲಗಳನ್ನೂ ನೋಡಿ ಯಾತ್ರಿಕರು ಮುಂದೆ ನಡೆಯುವುದು ವಾಡಿಕೆ. ನಾವೀಗ ಹೇಳಹೊರಟಿರುವುದು, ಅರಳಿಕಟ್ಟೆಯ ಮೇಲೆ ಕುಳಿತವರ ಕಿವಿಗೆ ಬಿದ್ದರೂ ಕಣ್ಣಿಗೆ ಸುಲಭವಾಗಿ ಬೀಳದ ಒಂದು ಪುಟ್ಟ ಹಕ್ಕಿಯ ವಿಷಯ.

ಮಾಘ ಕಳೆದು ಬಿಸಿಲೇರುತ್ತಿದ್ದಂತೆ, ಕಂಚುಗಾರನು ತಗಡು ಬಡಿಯುವಂತೆ "ಟುಕ್, ಟುಕ್, ಟುಕ್" ಎಂಬ ದನಿ ಒಂದೇ ಸಮನೆ ಕೇಳಿಬರುತ್ತದೆ. ನಿಮಿಷಕ್ಕೆ ನೂರಕ್ಕೂ ಮಿಕ್ಕಿದ ಸಲ! ಇದು ಚಿಟ್ಟುಕುಟ್ರ, ಕಂಚುಗಾರ ಹಕ್ಕಿಯೆಂದೂ ಕರೆಯುವುದುಂಟು. ಗುಬ್ಬಿಗಿಂತ ತುಸು ದೊಡ್ಡದು, ಹಸಿರು ಮೈ, ಹಣೆಯಲ್ಲಿ ಕುಂಕುಮವಿಟ್ಟಂತೆ ಕೆಂಪು, ಕಣ್ಣಿನ ಸುತ್ತ ಹಳದಿ. ಕೂಗುವಾಗ ಅದು ಕೊಕ್ಕನ್ನು ತೆರೆಯುವುದೇ ಇಲ್ಲ. ಗಂಟಲಿನ ಎರಡು ಬದಿಯ ಬರಿಚರ್ಮ ಪ್ರತಿ ದನಿಗೂ ಉಬ್ಬಿ ಇಳಿಯುತ್ತದೆ. ಇದರ ದೊಡ್ಡ ದಾಯಾದಿಯಾದ ಹಸಿರು ಕುಟ್ರವು "ಕುಟ್ರೂ, ಕುಟ್ರೂ" ಎನ್ನುತ್ತದೆ. ಕುಲದ ಹೆಸರು ಆ ಕೂಗಿನಿಂದಲೇ ಬಂದಂತಿದೆ.

ಇವುಗಳಿಗೆ ಹಣ್ಣೇ ಮುಖ್ಯ ಆಹಾರ, ಮೇಲೊಂದಿಷ್ಟು ಹುಳುಹುಪ್ಪಟೆ. ಚಿಟ್ಟುಕುಟ್ರವು ತನ್ನ ಮೈತೂಕದ ಒಂದೂವರೆ ಪಟ್ಟಿಗಿಂತಲೂ ಹೆಚ್ಚು ಹಣ್ಣನ್ನು ದಿನವೊಂದಕ್ಕೆ ತಿನ್ನಬಲ್ಲದು. ಆದರೆ ಇಷ್ಟೊಂದು ಕಾಯಿ ಬಿಡುವ ಈ ನಾಡಿನಲ್ಲಿ ತೆಂಗಿನಿಂದ ಅದಕ್ಕೆ ಒಂದು ತುತ್ತೂ ದಕ್ಕದು. ಅದನ್ನು ಸಾಕುವುದು ಆಲ, ಅರಳಿ, ಅತ್ತಿ, ಬಸರಿ, ಗೋಣಿಗಳು. ಇವು ಎಲ್ಲವೂ ಒಮ್ಮೆಗೇ ಫಲಿಸುವುದಿಲ್ಲ. ಒಂದು ಆಲ ಬರಿದಾಗಿ ನಿಂತಾಗ ಮತ್ತೊಂದು ಹಣ್ಣಾಗಿರುತ್ತದೆ. ಹೀಗೆ ವರ್ಷವಿಡೀ ಎಲ್ಲಿಯೋ ಒಂದು ಕಡೆ ದಾಸೋಹ ನಡೆದೇ ಇರುತ್ತದೆ. ಮರಗಳ ಸಂಖ್ಯೆ ತಗ್ಗಿದಂತೆ ಈ ದಾಸೋಹದ ನಡುವೆ ಉಪವಾಸದ ದಿನಗಳು ಹುಟ್ಟುತ್ತವೆ.

ಉಂಡ ಋಣವನ್ನು ಹಕ್ಕಿಯೂ ತೀರಿಸುತ್ತದೆ. ಸಾಸಿವೆಗಿಂತ ಸಣ್ಣ ಬೀಜಗಳು ಅದರ ಹಿಕ್ಕೆಯೊಡನೆ ಬಿದ್ದು ತಾಳೆಯ ಗರಿಬುಡದಲ್ಲಿ, ಬಾವಿಯ ಕಲ್ಲಿನ ಸಂದಿಯಲ್ಲಿ, ಹಳೆಯ ಗೋಪುರದ ಮೇಲೆ ಮೊಳೆಯುತ್ತವೆ. ಗುಡಿಯ ಗೋಡೆಗೆ ಅದು ಕೇಡೇ ಸರಿ, ಅಲ್ಲಿಂದ ಕೀಳಿಸತಕ್ಕದ್ದೇ. ಆದರೆ ಸ್ಥಾವರವಾದ ಮರಕ್ಕೆ ಈ ಹಕ್ಕಿಯೇ ಜಂಗಮ.

ಗೂಡಿಗೆ ಬೇಕಾದುದು ಒಣಗಿದ ಮೆದುಮರ. ಗಂಡು ಹೆಣ್ಣುಗಳೆರಡೂ ಸೇರಿ ಕೊಂಬೆಯ ಕೆಳಮೈಯಲ್ಲಿ ಪೊಟರೆ ಕೊರೆದು ಮೂರು ನಾಲ್ಕು ಮೊಟ್ಟೆಯಿಟ್ಟು ಸರದಿಯಂತೆ ಕಾವು ಕೊಡುತ್ತವೆ. ಅಚ್ಚುಕಟ್ಟಾದ ತೋಟಗಾರನು ಮೊದಲು ಕಡಿಯುವುದೇ ಒಣಕೊಂಬೆಯನ್ನು.

ತುರುವೇಕೆರೆಯ ಸಮೀಪದ ಹಳ್ಳಿಯೊಂದರ ಭಕ್ತರ ಮನೆಯಲ್ಲಿ ನಾವು ತಂಗಿದ್ದೆವು. ತೋಟದ ಬದುವಿನಲ್ಲಿ ಹಳೆಯದೊಂದು ಬಸರಿ ಇತ್ತು. ಯಜಮಾನರು ಅದನ್ನು ಕಡಿಸುವ ಯೋಚನೆಯಲ್ಲಿದ್ದರು. "ಅಯ್ನೋರೆ, ಇದರ ನೆಳ್ಳಿಗೆ ಹತ್ತು ತೆಂಗು ಸೊರಗ್ತಾವೆ. ನಾವು ನೆಟ್ಟದ್ದೂ ಅಲ್ಲ, ಯಾವುದೋ ಹಕ್ಕಿ ಹಾಕಿದ್ದು" ಎಂದರು. ಅವರ ಲೆಕ್ಕ ತಪ್ಪೆಂದು ನಾವು ಹೇಳಲಾರೆವು. ನುಸಿಪೀಡೆಯನ್ನೂ ಕೊಬ್ಬರಿಯ ಬೆಲೆ ಕುಸಿತವನ್ನೂ ಕಂಡವರಿಗೆ ಹತ್ತು ಮರದ ಫಸಲು ಸಣ್ಣ ಮಾತಲ್ಲ. ಎರಡೆಕರೆಯ ಒಕ್ಕಲಿಗೆ ಹಕ್ಕಿಯ ಹಸಿವನ್ನು ಉಪದೇಶಿಸುವುದು ಸುಲಭ. ಆದರೆ ಗುಂಡುತೋಪು, ಕೆರೆಯ ಅಂಗಳ, ಗುಡಿ ಮಠಗಳ ಜಾಗಗಳಲ್ಲಿ ಯಾರ ತೆಂಗೂ ಸೊರಗುವುದಿಲ್ಲ. ಅಲ್ಲಿಯೂ ಆಲ, ಬಸರಿಗಳನ್ನು ಕಡಿದು ತೆಂಗಿನ ಸಸಿ ನೆಡುವುದು ನಮಗೆ ಸರಿತೋರದು.

ಆ ಮನೆಯ ಬೇಲಿಯ ನುಗ್ಗೆಮರದ ಒಣಕೊಂಬೆಯಲ್ಲಿ ದುಂಡನೆಯ ಪೊಟರೆಯೊಂದನ್ನು ಮನೆಯ ಮೊಮ್ಮಗಳು ನಮಗೆ ತೋರಿಸಿದಳು. ಹಕ್ಕಿಯೊಂದು ಹಣ್ಣು ಕಚ್ಚಿಕೊಂಡು ಬಂದು ಒಳಗೆ ತೂರಿತು. ಮರಿಗಳು ಹಾರುವವರೆಗೆ ಆ ಕೊಂಬೆಯನ್ನು ಸೌದೆಗೆ ಕಡಿಯುವುದಿಲ್ಲವೆಂದು ಅಜ್ಜ ಮೊಮ್ಮಗಳಿಗೆ ಮಾತು ಕೊಟ್ಟರು. ಬಸರಿಯ ವಿಚಾರವನ್ನು ಮಾತ್ರ ಅಣ್ಣತಮ್ಮಂದಿರ ಭಾಗ ಮುಗಿದ ಮೇಲೆ ನೋಡೋಣವೆಂದರು.