ಲೈಸಿಯಂ ಕಂಬಗಳ ಕೆಳಗೆ

ಲಂಡನ್ನಿಗೆ ಹೋದ ಕನ್ನಡಿಗನು ಮೊದಲು ನೋಡಬೇಕಾದುದು ಥೇಮ್ಸ್ ನದಿಯ ದಂಡೆಯಲ್ಲಿರುವ ಬಸವೇಶ್ವರನ ಪ್ರತಿಮೆ ಎಂದು, ರಾಜ್ಯೋತ್ಸವದ ಭಾಷಣಕ್ಕೆ ನನ್ನನ್ನು ಕರೆಸಿಕೊಂಡಿದ್ದ ಗೆಳೆಯರು ಮೊದಲೇ ನಿಶ್ಚಯಿಸಿಬಿಟ್ಟಿದ್ದರು. 2015ರಲ್ಲಿ ಅನಾವರಣಗೊಂಡ ಆ ಪ್ರತಿಮೆಗೆ ಕೈಮುಗಿದದ್ದಾಯಿತು. ಮುಂದೆ ಏನನ್ನು ನೋಡುವಿರಿ ಎಂದು ಅವರು ಕೇಳಿದಾಗ ನಾನು 'ಲೈಸಿಯಂ' ಎಂದೆ.

"ನಾಟಕಕ್ಕೆ ಟಿಕೆಟ್ಟು ಸಿಕ್ಕುವುದು ಕಷ್ಟವಲ್ಲ!"

"ನಾಟಕ ಬೇಡ, ಕಟ್ಟಡ ಸಾಕು. ವಿಶ್ವಸುಂದರಿಯ ಸ್ಪರ್ಧೆ ಹುಟ್ಟಿದ ಮನೆಯಂತೆ ಅದು."

ಗೆಳೆಯರ ಶ್ರೀಮತಿಯವರು ನನ್ನ ಮುಖವನ್ನೊಮ್ಮೆ, ತಮ್ಮ ಪತಿಯ ಮುಖವನ್ನೊಮ್ಮೆ ನೋಡಿದರು. ಹಳಗನ್ನಡದ ಮೇಷ್ಟರಿಗೆ ಇದೇನು ಚಪಲ ಎಂಬ ಪ್ರಶ್ನೆ ಆ ನೋಟದಲ್ಲಿತ್ತು.

ಕಾರಣ ನನ್ನ ಕೋಟಿನ ಒಳಜೇಬಿನಲ್ಲಿತ್ತು. ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿನಿಯೊಬ್ಬಳು ಸೌಂದರ್ಯ ಸ್ಪರ್ಧೆಯೊಂದಕ್ಕಾಗಿ ಮೂರು ವಾರಗಳ ಹಾಜರಾತಿ ವಿನಾಯಿತಿಯನ್ನು ಬೇಡಿ ಬರೆದ ಮನವಿ ಅದು. ಆ ತರಗತಿಯಲ್ಲಿ ಪಂಪನ ವೃತ್ತವನ್ನು ತಡವರಿಸದೆ ಓದಬಲ್ಲವಳು ಅವಳೊಬ್ಬಳೇ. ಕೆಳಗೆ ಅಧ್ಯಾಪಕನ ಶಿಫಾರಸಿಗೆ ಜಾಗ ಬಿಟ್ಟಿದ್ದಳು. "ಊರಿಂದ ಬಂದ ಮೇಲೆ ನೋಡೋಣ" ಎಂದು ನಾನು ಅದನ್ನು ಮಡಿಸಿ ಜೇಬಿಗೆ ಸೇರಿಸಿದ್ದೆ. ನಾನು ಮರಳುವ ಹೊತ್ತಿಗೆ ಅವಧಿ ಮುಗಿದಿರುತ್ತದೆ ಎಂಬುದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ನವೆಂಬರಿನ ಸಂಜೆ ಲಂಡನ್ನಿನಲ್ಲಿ ನಾಲ್ಕೂವರೆಗೇ ಕತ್ತಲು. ಸ್ಟ್ರಾಂಡ್ ಬೀದಿಯಿಂದ ವೆಲ್ಲಿಂಗ್ಟನ್ ಬೀದಿಗೆ ಹೊರಳಿದ ಕೂಡಲೇ ಎತ್ತರದ ಕಂಬಗಳ ಮುಖಮಂಟಪವೊಂದು ಎದುರಾಗುತ್ತದೆ. ಅದು 1834ರ ಕಟ್ಟಡದ್ದು. ಹೆನ್ರಿ ಇರ್ವಿಂಗ್ ಎಂಬ ಮಹಾನಟ ಇಲ್ಲಿ ಶೇಕ್ಸ್‌ಪಿಯರನ ನಾಯಕರಿಗೆ ಜೀವ ತುಂಬಿದ. ಆತನ ವ್ಯವಹಾರಗಳನ್ನು ನೋಡಿಕೊಳ್ಳುತ್ತಿದ್ದವನು 'ಡ್ರಾಕುಲಾ' ಬರೆದ ಬ್ರಾಮ್ ಸ್ಟೋಕರ್. ಎರಡನೆಯ ಮಹಾಯುದ್ಧ ಮುಗಿದ ಮೇಲೆ ನಾಟಕಶಾಲೆ ನೃತ್ಯಶಾಲೆಯಾಯಿತು. ಈಗ ಅಲ್ಲಿ 1999ರಿಂದ ಸಿಂಹರಾಜನ ಸಂಗೀತ ನಾಟಕ ನಡೆಯುತ್ತಿದೆ. ಅಪ್ಪ ಅಮ್ಮಂದಿರ ಕೈಹಿಡಿದ ಮಕ್ಕಳ ಸಾಲು ಮೆಟ್ಟಿಲಿನವರೆಗೂ ಇತ್ತು.

1951ರ ಬೇಸಗೆಯಲ್ಲಿ ಬ್ರಿಟನ್ನಿನ ರಾಷ್ಟ್ರೀಯ ಉತ್ಸವ ನಡೆಯುತ್ತಿದ್ದಾಗ ಎರಿಕ್ ಮಾರ್ಲೆ ಎಂಬ ಮನರಂಜನಾ ವ್ಯವಹಾರದ ಚತುರನು ಈ ನೃತ್ಯಶಾಲೆಯಲ್ಲಿ ಈಜುಡುಗೆಯ ಸ್ಪರ್ಧೆಯೊಂದನ್ನು ಏರ್ಪಡಿಸಿದ. 'ವಿಶ್ವ' ಎಂಬುದು ಪತ್ರಿಕೆಗಳು ಕೊಟ್ಟ ಅಲಂಕಾರ. ನಿಂತವರಲ್ಲಿ ಬಹುಪಾಲು ಬ್ರಿಟನ್ನಿನವರೇ! ಗೆದ್ದವಳು ಮಾತ್ರ ಸ್ವೀಡನ್ನಿನ ಕಿಕಿ ಹಾಕನ್ಸನ್. ತುಂಡುಡುಗೆಯಲ್ಲೇ ಆಕೆಗೆ ಕಿರೀಟ ತೊಡಿಸಿದ್ದು ದೊಡ್ಡ ಗುಲ್ಲಾಯಿತು.

ಕಂಬಗಳ ಕೆಳಗೆ ನಿಂತಾಗ ನನಗೆ ಇಂದುಮತಿಯ ಸ್ವಯಂವರ ನೆನಪಾಯಿತು. ಅಲ್ಲಿ ಸಾಲಾಗಿ ಕುಳಿತವರು ರಾಜರು; ಮಾಲೆ ಹಿಡಿದು ನಡೆಯುವವಳು, ಒಬ್ಬೊಬ್ಬರನ್ನೇ ನೋಡಿ ಬಿಟ್ಟು ಮುಂದೆ ಸಾಗುವವಳು ಕನ್ಯೆ. ಇಲ್ಲಿ ನಡೆಯುವವರೂ ಹೆಣ್ಣುಗಳೇ, ನಿರಾಕರಿಸಲ್ಪಡುವವರೂ ಅವರೇ. ಮೇಷ್ಟರ ಬುದ್ಧಿ! ಇದನ್ನು ತರಗತಿಯಲ್ಲಿ ಹೇಳಿದರೆ ಚೆನ್ನಾಗಿರುತ್ತದೆ ಎಂದುಕೊಂಡೆ. ಆದರೆ ಮುಂದಿನ ಬೆಂಚಿನಲ್ಲಿ ಆ ಹುಡುಗಿ ಇರುತ್ತಾಳಲ್ಲ ಎಂದು ತಟ್ಟನೆ ಹೊಳೆದು ಆ ಉಲ್ಲಾಸ ಇಳಿಯಿತು.

ಇದೇ ಸಭಾಂಗಣದಲ್ಲಿ 1966ರ ನವೆಂಬರ್ 17ರಂದು ಮುಂಬಯಿಯ ವೈದ್ಯಕೀಯ ವಿದ್ಯಾರ್ಥಿನಿ ರೀಟಾ ಫಾರಿಯ ಗೆದ್ದಳು. ಏಷ್ಯಾ ಖಂಡಕ್ಕೆ ಆ ಕಿರೀಟ ಬಂದದ್ದು ಅದೇ ಮೊದಲು. ಸೀರೆಯನ್ನೂ ಈಜುಡುಗೆಯನ್ನೂ ಎರವಲು ತಂದಿದ್ದಳಂತೆ. ಒಂದೇ ತಿಂಗಳಲ್ಲಿ ಬಾಬ್ ಹೋಪ್ ಎಂಬ ಹಾಸ್ಯನಟನ ತಂಡದೊಡನೆ ವಿಯೆಟ್ನಾಮಿಗೆ ಹೋಗಿ ಅಮೆರಿಕದ ಸೈನಿಕರ ಮುಂದೆ ನಿಲ್ಲಬೇಕಾಯಿತು. ಭಾರತದಲ್ಲಿ ಅದಕ್ಕೆ ಆಕ್ಷೇಪಣೆಗಳೆದ್ದವು. ವರ್ಷ ಮುಗಿದೊಡನೆ ಆಕೆ ಆ ಲೋಕಕ್ಕೆ ಬೆನ್ನು ಹಾಕಿ ಇದೇ ಲಂಡನ್ನಿನಲ್ಲಿ ವೈದ್ಯಶಾಸ್ತ್ರದ ಓದು ಮುಂದುವರಿಸಿದಳು. ಮುಂದೆ ವೈದ್ಯಳಾಗಿ ಐರ್ಲೆಂಡಿನಲ್ಲಿ ನೆಲೆಸಿದಳು.

ಲೈಸಿಯಂನಿಂದ ಐದು ನಿಮಿಷ ನಡೆದರೆ ಬೋ ಬೀದಿ. ಅಲ್ಲಿಯ ಹಳೆಯ ನ್ಯಾಯಾಲಯ 2006ರಲ್ಲಿ ಮುಚ್ಚಿತು. ಈಗ ಅದು ಹೋಟೆಲು. 1970ರ ನವೆಂಬರಿನಲ್ಲಿ ಸ್ಪರ್ಧೆ ರಾಯಲ್ ಆಲ್ಬರ್ಟ್ ಹಾಲಿನಲ್ಲಿತ್ತು. ನಿರೂಪಕ ಅದೇ ಬಾಬ್ ಹೋಪ್. ಟಿಕೆಟ್ಟು ಕೊಂಡು ಸಭ್ಯರಂತೆ ಕುಳಿತಿದ್ದ ಯುವತಿಯರು ನಡುವೆ ಎದ್ದು ಗಿಲಕಿ ಬಾರಿಸಿದರು, ಹಿಟ್ಟಿನ ಪೊಟ್ಟಣಗಳನ್ನೆಸೆದರು, ಕರಪತ್ರಗಳ ಮಳೆಗರೆದರು. ದನದ ಸಂತೆ ಇದು ಎಂಬುದು ಅವರ ದೂರು. ಹೋಪ್ ಮಹಾಶಯ ವೇದಿಕೆ ಬಿಟ್ಟು ಓಡಿದ. ಸೆರೆಸಿಕ್ಕವರ ವಿಚಾರಣೆ ಬೋ ಬೀದಿಯ ಈ ಕಟ್ಟಡದಲ್ಲಿ ನಡೆಯಿತು.

ಇಷ್ಟೇ ಆಗಿದ್ದರೆ ನಾನು ಯಾರ ಪಕ್ಷವೆಂದು ಹೇಳುವುದು ಸುಲಭವಾಗಿತ್ತು. ಆದರೆ ಅದೇ ರಾತ್ರಿ ಗೆದ್ದವಳು ಗ್ರೆನಡಾ ದ್ವೀಪದ ಜೆನಿಫರ್ ಹಾಸ್ಟನ್, ವಿಶ್ವಸುಂದರಿಯಾದ ಮೊದಲ ಕಪ್ಪು ಹೆಣ್ಣು. ವರ್ಣಭೇದದ ದಕ್ಷಿಣ ಆಫ್ರಿಕ ಆ ವರ್ಷ ಬಿಳಿಯಳೊಬ್ಬಳನ್ನೂ ಕಪ್ಪಿನವಳೊಬ್ಬಳನ್ನೂ ಬೇರೆ ಬೇರೆ ಪಟ್ಟಿ ತೊಡಿಸಿ ಕಳಿಸಿತ್ತು. ಎರಡನೆಯ ಸ್ಥಾನ ದೊರೆತದ್ದು ಆ ಕಪ್ಪು ಹುಡುಗಿ ಪರ್ಲ್ ಜಾನ್ಸನ್‌ಗೆ. ಹಾಸ್ಟನ್ ಮುಂದೆ ಕೆನಡಾದಲ್ಲಿ ತನ್ನ ದೇಶದ ಹೈಕಮಿಷನರ್ ಆದಳು. ಹಿಟ್ಟೆಸೆದವರ ಮಾತೂ ನಿಜ, ಕಿರೀಟ ತೊಟ್ಟವಳ ಗೆಲವೂ ನಿಜ. ಎರಡೂ ಒಂದೇ ಸೂರಿನ ಕೆಳಗೆ ನಡೆದವು.

ಲೈಸಿಯಂ ಮತ್ತೆ ನಾಟಕಶಾಲೆಯಾಗಿ ತೆರೆದದ್ದು 1996ರಲ್ಲಿ. ಅದೇ ವರ್ಷ ಸ್ಪರ್ಧೆ ಬೆಂಗಳೂರಿಗೆ ಬಂತು. ನಾನಾಗ ಆರು ವರ್ಷದ ಹುಡುಗ. ಮಂಗಳೂರಿನಲ್ಲಿ ಹುಟ್ಟಿದ ಐಶ್ವರ್ಯ ರೈ ಗೆದ್ದು ಎರಡು ವರ್ಷವಾಗಿತ್ತು. ಅಮಿತಾಭ್ ಬಚ್ಚನ್ನರ ಸಂಸ್ಥೆ ಏರ್ಪಾಟು ಮಾಡಿತ್ತು. ಪ್ರೊಫೆಸರ್ ನಂಜುಂಡಸ್ವಾಮಿಯವರ ರೈತಸಂಘ, ಮಹಿಳಾ ಸಂಘಟನೆಗಳು, ಸಂಸ್ಕೃತಿಯ ಹೆಸರೆತ್ತಿದ ಬೇರೆ ಬಳಗಗಳು, ಎಂದೂ ಒಂದೇ ಪಂಕ್ತಿಯಲ್ಲಿ ಕೂರದವರೆಲ್ಲ ವಿರೋಧಕ್ಕಿಳಿದರು. ಮಧುರೆಯಲ್ಲಿ ತರುಣನೊಬ್ಬ ಬೆಂಕಿ ಹಚ್ಚಿಕೊಂಡು ಸತ್ತ. ಈಜುಡುಗೆಯ ಭಾಗವನ್ನು ಸೆಷೆಲ್ಸ್ ದ್ವೀಪಕ್ಕೆ ಒಯ್ದರು. ನವೆಂಬರ್ 23ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ, ಸಾವಿರಾರು ಪೊಲೀಸರ ಕಾವಲಿನಲ್ಲಿ, 88 ಸ್ಪರ್ಧಿಗಳ ನಡುವೆ ಗ್ರೀಸಿನ ಐರೀನ್ ಸ್ಕ್ಲಿವಾ ಗೆದ್ದಳು.

ನಮ್ಮ ಚಿಕ್ಕಮ್ಮ ಅಂದು ಹಗಲೆಲ್ಲ ಮೆರವಣಿಗೆಯಲ್ಲಿ ಘೋಷಣೆ ಕೂಗಿ ಗಂಟಲು ಕಟ್ಟಿಸಿಕೊಂಡು ಬಂದಿದ್ದರು. ರಾತ್ರಿ ಟೆಲಿವಿಷನ್ ಪೆಟ್ಟಿಗೆಯ ಮುಂದೆ ಅಜ್ಜಿಯ ಪಕ್ಕದಲ್ಲೇ ಕುಳಿತರು. ಭಾರತದ ರಾಣಿ ಜೈರಾಜ್ ಕೊನೆಯ ಐವರಲ್ಲಿ ಒಬ್ಬಳಾದಾಗ ಇಬ್ಬರೂ ಚಪ್ಪಾಳೆ ತಟ್ಟಿದರು. ತಂದೆಯವರು ಎದ್ದು ಪೆಟ್ಟಿಗೆ ಆರಿಸಿದರು. ಆರಿಸಬೇಡಿ ಎಂದು ಕಟ್ಟಿದ ಗಂಟಲಿನಲ್ಲಿ ಚಿಕ್ಕಮ್ಮ ಹೇಳಿದ್ದು ಈಗಲೂ ಕಿವಿಯಲ್ಲಿದೆ.

ಬೋ ಬೀದಿಯಿಂದ ಹಿಂತಿರುಗಿ ವಾಟರ್ಲೂ ಸೇತುವೆಗೆ ಬಂದೆ. ನದಿಯ ಗಾಳಿ ಕೋಟಿನ ಒಳಗೆ ನುಗ್ಗುತ್ತಿತ್ತು. ಸ್ಪರ್ಧೆಯ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿರಲಿಲ್ಲ. ಅದು ವ್ಯಾಪಾರ, ಹಾಕನ್ಸನ್ನಳ ದಿನದಿಂದಲೂ ವ್ಯಾಪಾರವೇ. ಆದರೆ ಜೇಬಿನ ಕಾಗದದಲ್ಲಿ ಆ ಹುಡುಗಿ ಕೇಳಿದ್ದು ನನ್ನ ಅಭಿಪ್ರಾಯವನ್ನಲ್ಲ, ಹಾಜರಾತಿಯನ್ನು. ದೀಪದ ಕಂಬದ ಕೆಳಗೆ ಕಾಗದವನ್ನು ಸೇತುವೆಯ ಅಂಚಿಗೊತ್ತಿ ಹಿಡಿದು ಸಹಿ ಹಾಕಿದೆ. ಚಿತ್ರ ತೆಗೆದು ಫೋನಿನಲ್ಲಿ ಕಳುಹಿಸಿದೆ. ಊರಿನಲ್ಲಿ ಹೊತ್ತು ನಡುರಾತ್ರಿಯ ಸಮೀಪ.

ಎರಡೇ ನಿಮಿಷದಲ್ಲಿ ಉತ್ತರ ಬಂತು: "ಸಾರ್, ಸಹಿ ಗಾಳಿಗೆ ಅಲುಗಿದೆ. ಆಫೀಸಿನಲ್ಲಿ ಒಪ್ಪುವುದಿಲ್ಲ. ಇನ್ನೊಮ್ಮೆ ಹಾಕಿ ಕಳಿಸಿ."