ಮದ್ದಿನ ಗುಣವೂ ಮದ್ದಿನ ದೋಷವೂ

ಹನ್ನೆರಡನೆಯ ಶತಮಾನದ ಶರಣಸಂಕುಲದಲ್ಲಿ ವೈದ್ಯ ಸಂಗಣ್ಣನವರದು ವಿಶಿಷ್ಟವಾದ ಸ್ಥಾನ. ರೋಗಿಗಳಿಗೆ ಮದ್ದು ನೀಡುವುದೇ ಅವರ ಕಾಯಕವಾಗಿತ್ತು. 'ಮರುಳಶಂಕರಪ್ರಿಯ ಸಿದ್ಧರಾಮೇಶ್ವರಲಿಂಗ' ಎಂಬ ಅಂಕಿತದಲ್ಲಿ ಅವರು ರಚಿಸಿದ ವಚನಗಳಲ್ಲಿ ವ್ಯಾಧಿ, ಔಷಧ, ಚಿಕಿತ್ಸೆಗಳ ಪರಿಭಾಷೆ ಅನುಭಾವದ ಪರಿಭಾಷೆಯಾಗಿ ಮಾರ್ಪಟ್ಟಿದೆ. ವೈದ್ಯನಾದವನಿಗೆ ಮದ್ದಿನ ಗುಣವೊಂದನ್ನೇ ಬಲ್ಲರೆ ಸಾಲದು, ಅದರ ದೋಷವನ್ನೂ ಬಲ್ಲವನೇ ನಿಜವಾದ ವೈದ್ಯ. ಮದ್ದನ್ನು ಸೇವಿಸುವವರಿಗೂ ಈ ಮಾತು ಅನ್ವಯಿಸುತ್ತದೆ. ತಾಯಂದಿರನ್ನು ಕಾಡುತ್ತಿರುವ ಸ್ತನ ಕ್ಯಾನ್ಸರ್ ಮತ್ತು ಅದರ ಔಷಧಗಳ ವಿಷಯದಲ್ಲಂತೂ ಇದನ್ನು ಸದ್ಭಕ್ತರೆಲ್ಲರೂ ಮನಗಾಣಬೇಕಾಗಿದೆ.

ಈ ರೋಗಕ್ಕೆ ಬಹುಕಾಲದಿಂದ ಬಳಕೆಯಲ್ಲಿರುವ ಮಾತ್ರೆ ಟ್ಯಾಮಾಕ್ಸಿಫೆನ್. 1962ರಲ್ಲಿ ಇಂಗ್ಲೆಂಡಿನ ಐ.ಸಿ.ಐ. ಸಂಸ್ಥೆಯಲ್ಲಿ ಡೋರಾ ರಿಚರ್ಡ್‌ಸನ್ ಎಂಬ ರಸಾಯನಶಾಸ್ತ್ರಜ್ಞೆ ಇದನ್ನು ಸಿದ್ಧಪಡಿಸಿದರು. 1973ರಲ್ಲಿ ಬ್ರಿಟನ್ನಿನಲ್ಲಿಯೂ 1977ರಲ್ಲಿ ಅಮೆರಿಕದಲ್ಲಿಯೂ ಇದಕ್ಕೆ ಅನುಮತಿ ದೊರೆಯಿತು. ಸ್ತ್ರೀಯರ ದೇಹದಲ್ಲಿರುವ ಈಸ್ಟ್ರೋಜನ್ ಎಂಬ ಹಾರ್ಮೋನು ಕೆಲವು ಬಗೆಯ ಸ್ತನ ಕ್ಯಾನ್ಸರಿಗೆ ಆಹಾರವಾಗುತ್ತದೆ. ಆ ಹಾರ್ಮೋನು ಬಂದು ಸೇರುವ ತಾಣವನ್ನು ಈ ಮಾತ್ರೆ ಮೊದಲೇ ಆಕ್ರಮಿಸಿಕೊಂಡು, ಗಡ್ಡೆಗೆ ಅನ್ನ ಸಿಗದಂತೆ ಮಾಡುತ್ತದೆ. ಇಂತಹ ಕ್ಯಾನ್ಸರ್ ಇರುವವರು ಐದು ವರ್ಷ ಇದನ್ನು ಸೇವಿಸಿದರೆ, ಮುಂದಿನ ಹದಿನೈದು ವರ್ಷಗಳಲ್ಲಿ ಆ ರೋಗದಿಂದ ಸಂಭವಿಸುವ ಮರಣ ಸುಮಾರು ಮೂರನೆಯ ಒಂದು ಭಾಗದಷ್ಟು ಕಡಿಮೆಯಾಗುವುದೆಂದು ದೀರ್ಘಕಾಲದ ಅಧ್ಯಯನಗಳು ತೋರಿಸಿವೆ. ಇದು ಸಾಮಾನ್ಯವಾದ ಉಪಕಾರವಲ್ಲ.

ಆದರೆ ಸ್ತನದಲ್ಲಿ ಈಸ್ಟ್ರೋಜನ್ನಿಗೆ ವೈರಿಯಾಗಿ ನಿಲ್ಲುವ ಈ ಮಾತ್ರೆಯೇ ಗರ್ಭಕೋಶದಲ್ಲಿ ಈಸ್ಟ್ರೋಜನ್ನಿನಂತೆ ವರ್ತಿಸುತ್ತದೆ. ಅದರಿಂದ ಗರ್ಭಕೋಶದ ಒಳಪದರ ದಪ್ಪವಾಗಬಹುದು. ಕೆಲವರಲ್ಲಿ ಅಲ್ಲಿಯೇ ಕ್ಯಾನ್ಸರ್ ಹುಟ್ಟಬಹುದು. 1996ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಈ ಔಷಧವನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡಬಲ್ಲ ವಸ್ತುಗಳ ಸಾಲಿಗೆ ಸೇರಿಸಿತು. ಅದೇ ವಿಭಾಗವು, ಇನ್ನೊಂದು ಸ್ತನಕ್ಕೆ ರೋಗ ಬರುವುದನ್ನು ಇದು ತಗ್ಗಿಸುತ್ತದೆ ಎಂಬುದನ್ನೂ ಒಪ್ಪಿಕೊಂಡಿತು. ರೋಗ ಬರುವ ಸಂಭವ ಹೆಚ್ಚಾಗಿದ್ದ 13,388 ಮಹಿಳೆಯರ ಮೇಲೆ ಅಮೆರಿಕದಲ್ಲಿ ನಡೆದ ಅಧ್ಯಯನವೊಂದರ ಫಲಿತಾಂಶ 1998ರಲ್ಲಿ ಪ್ರಕಟವಾಯಿತು. ಹುಸಿಮಾತ್ರೆ ಸೇವಿಸಿದವರಲ್ಲಿ 175 ಮಂದಿಗೆ ಸ್ತನ ಕ್ಯಾನ್ಸರ್ ಬಂದರೆ, ಟ್ಯಾಮಾಕ್ಸಿಫೆನ್ ಸೇವಿಸಿದವರಲ್ಲಿ 89 ಮಂದಿಗೆ ಬಂದಿತ್ತು. ಗರ್ಭಕೋಶದ ಕ್ಯಾನ್ಸರ್ ಮಾತ್ರ ಮೊದಲಿನವರಲ್ಲಿ 15, ಎರಡನೆಯವರಲ್ಲಿ 36. ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಸೇರಿದ ಪ್ರಸಂಗಗಳು 6 ಮತ್ತು 18. ಒಂದೇ ಮಾತ್ರೆಯ ಗುಣ ದೋಷಗಳೆರಡೂ ಈ ಅಂಕಿಗಳಲ್ಲಿವೆ.

ಇಳಕಲ್ಲಿನ ನೇಕಾರ ಮನೆತನದ ತಾಯಿಯೊಬ್ಬರಿಗೆ ಶಸ್ತ್ರಚಿಕಿತ್ಸೆಯ ತರುವಾಯ ಈ ಮಾತ್ರೆಯನ್ನು ಕೊಡಲಾಗಿತ್ತು. ಮುಟ್ಟು ನಿಂತು ಹತ್ತು ವರ್ಷ ಕಳೆದಿದ್ದ ಅವರಿಗೆ ಮೂರನೆಯ ವರ್ಷದಲ್ಲಿ ಮತ್ತೆ ರಕ್ತ ಕಾಣಿಸಿಕೊಂಡಿತು. ಗಂಡುಮಕ್ಕಳಿರುವ ಮನೆಯಲ್ಲಿ ಇದನ್ನು ಹೇಳುವುದೆಂತು ಎಂಬ ಸಂಕೋಚದಿಂದ ಏಳು ತಿಂಗಳು ಯಾರಿಗೂ ತಿಳಿಸಲಿಲ್ಲ. ಶಿವಯೋಗ ಮಂದಿರಕ್ಕೆ ಅಮಾವಾಸ್ಯೆಯ ದರ್ಶನಕ್ಕೆಂದು ಬಂದಾಗ, ಮಲಪ್ರಭೆಯ ದಂಡೆಯಲ್ಲಿ ಸೀರೆ ಒಗೆಯಲು ಹೋದ ಸೊಸೆಯ ಕಣ್ಣಿಗೆ ಕಲೆ ಬಿದ್ದುದರಿಂದ ವಿಷಯ ಹೊರಬಂದಿತು. ವೈದ್ಯರು ಗರ್ಭಕೋಶದ ಪರೀಕ್ಷೆ ಮಾಡಿಸಿದರು. ಪದರ ದಪ್ಪವಾಗಿತ್ತು, ಪುಣ್ಯವಶಾತ್ ಕ್ಯಾನ್ಸರ್ ಇರಲಿಲ್ಲ. ಮಾತ್ರೆಯನ್ನು ಬದಲಿಸಿ ಲೆಟ್ರೊಜೋಲ್ ಕೊಟ್ಟರು. ಅದು ಗರ್ಭಕೋಶವನ್ನು ಆ ರೀತಿ ಬಾಧಿಸದು, ಆದರೆ ಮೂಳೆಗಳನ್ನು ಸವೆಸುತ್ತದೆ, ಕೀಲುಗಳಲ್ಲಿ ನೋವು ತರುತ್ತದೆ. ಸೀರೆಯ ಒಡಲಿಗೂ ಸೆರಗಿಗೂ ಕೊಂಡಿ ಹಾಕುತ್ತಿದ್ದ ಆ ಬೆರಳುಗಳು ಮುಂಜಾನೆಯ ಹೊತ್ತು ಮಡಚದಂತಾದವು. ಈ ಸಲ ಅವರು ಸಂಕೋಚಪಡಲಿಲ್ಲ, ಹದಿನೈದು ದಿನಗಳಲ್ಲಿಯೇ ವೈದ್ಯರಿಗೆ ಹೇಳಿದರು. ಕ್ಯಾಲ್ಸಿಯಂ, ವ್ಯಾಯಾಮ, ಮೂಳೆಯ ಪರೀಕ್ಷೆ ಇವುಗಳ ಆಸರೆಯಲ್ಲಿ ಚಿಕಿತ್ಸೆ ಮುಂದುವರಿದಿದೆ.

ಅವರ ಓಣಿಯವರೇ ಆದ ಇನ್ನೊಬ್ಬ ತಾಯಿಯ ಕಥೆ ಬೇರೆ. ಈ ಮಾತ್ರೆಯಿಂದ ಬೇರೆ ಕ್ಯಾನ್ಸರ್ ಬರುತ್ತದೆಂಬ ಮಾತು ಕಿವಿಗೆ ಬಿದ್ದೊಡನೆ, ಯಾರನ್ನೂ ಕೇಳದೆ ಅದನ್ನು ನಿಲ್ಲಿಸಿಬಿಟ್ಟರು. ಮನೆಯವರು ಕೇಳಿದಾಗಲೆಲ್ಲ ತೆಗೆದುಕೊಂಡೆನೆಂದೇ ಹೇಳುತ್ತಿದ್ದರು. ಎರಡು ವರ್ಷಗಳಲ್ಲಿ ರೋಗ ಬೆನ್ನುಮೂಳೆಗೆ ಇಳಿಯಿತು, ಅವರು ಈಗಿಲ್ಲ. ಮಾತ್ರೆ ಬಿಟ್ಟದ್ದೇ ಕಾರಣವೆಂದು ಒಬ್ಬ ವ್ಯಕ್ತಿಯ ವಿಷಯದಲ್ಲಿ ಯಾವ ವೈದ್ಯನೂ ಖಚಿತವಾಗಿ ನುಡಿಯಲಾರ. ಆದರೆ ಅವರ ಭಯವನ್ನು ಯಾರಾದರೂ ಕುಳಿತು ಕೇಳಿದ್ದರೆ, ಮೊದಲನೆಯವರಂತೆ ಇವರಿಗೂ ಬೇರೊಂದು ದಾರಿ ತೋರಿಸಬಹುದಾಗಿತ್ತು. ಒಬ್ಬರು ದೋಷವನ್ನು ಮುಚ್ಚಿಟ್ಟರು, ಇನ್ನೊಬ್ಬರು ಭಯವನ್ನು ಮುಚ್ಚಿಟ್ಟರು. ಎರಡೂ ಕಡೆ ಅಪಾಯ ತಂದುದು ಮೌನವೇ.

ಈ ರೋಗದ ಇನ್ನೊಂದು ಪ್ರಬಲ ಔಷಧ ಟ್ರಾಸ್ಟುಜುಮ್ಯಾಬ್. ಹರ್-2 ಎಂಬ ಪ್ರೋಟೀನು ಅಧಿಕವಾಗಿರುವ ಕ್ಯಾನ್ಸರಿಗೆ ಇದು ರಾಮಬಾಣವೆನಿಸಿದೆ. 1998ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಈ ದುಬಾರಿ ಔಷಧದ ಜೈವಿಕ ಪ್ರತಿರೂಪವನ್ನು ಬೆಂಗಳೂರಿನ ಬಯೋಕಾನ್ ಸಂಸ್ಥೆ ತಯಾರಿಸಿತು. 2013ರಲ್ಲಿ ಭಾರತದಲ್ಲಿ ಅನುಮತಿ ದೊರೆತು, 2014ರ ಆರಂಭದಲ್ಲಿ ಅದು 'ಕ್ಯಾನ್‌ಮ್ಯಾಬ್' ಎಂಬ ಹೆಸರಿನಿಂದ ಮಾರುಕಟ್ಟೆಗೆ ಬಂದಿತು. 2017ರ ಡಿಸೆಂಬರಿನಲ್ಲಿ ಅಮೆರಿಕವೂ ಅದನ್ನು ಒಪ್ಪಿತು. ಕನ್ನಡನಾಡಿನ ಹೆಮ್ಮೆಯ ಸಂಗತಿಯಿದು. ಆದರೆ ಈ ಔಷಧದ ಗುರಿ ಹೃದಯವನ್ನೂ ತಾಕಬಲ್ಲದು. 2001ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಡಾಕ್ಸೊರುಬಿಸಿನ್ ವರ್ಗದ ಔಷಧದೊಡನೆ ಇದನ್ನು ಕೂಡಿಸಿ ಕೊಟ್ಟವರಲ್ಲಿ ಶೇ. 27 ಮಂದಿಗೆ ಹೃದಯದ ಶಕ್ತಿ ಕುಂದಿತ್ತು. ಆ ವರ್ಗದ ಔಷಧವನ್ನು ಮಾತ್ರ ಪಡೆದವರಲ್ಲಿ ಅದು ಶೇ. 8. ಆದುದರಿಂದಲೇ ಇವೆರಡನ್ನೂ ಈಗ ಸಾಮಾನ್ಯವಾಗಿ ಒಟ್ಟಿಗೆ ಕೊಡುವುದಿಲ್ಲ. ಚಿಕಿತ್ಸೆಗೆ ಮೊದಲು ಹಾಗೂ ಸುಮಾರು ಮೂರು ತಿಂಗಳಿಗೊಮ್ಮೆ ಎಕೋ ಪರೀಕ್ಷೆ ಮಾಡಿಸುತ್ತಾರೆ. ಬೇಗ ಗುರುತಿಸಿ ಔಷಧ ನಿಲ್ಲಿಸಿದರೆ ಹೆಚ್ಚಿನವರಲ್ಲಿ ಹೃದಯ ಚೇತರಿಸಿಕೊಳ್ಳುತ್ತದೆ. ಊರಿಂದ ಹುಬ್ಬಳ್ಳಿಗೋ ಬೆಂಗಳೂರಿಗೋ ಹೋಗಿಬರುವ ಖರ್ಚಿಗೆ ಅಂಜಿ, ಇಂಜೆಕ್ಷನ್ ಪಡೆದು ಎಕೋ ಬಿಡುವುದು ತರವಲ್ಲ.

ಭಕ್ತರು ನೆನಪಿನಲ್ಲಿಡಬೇಕಾದ ಲಕ್ಷಣಗಳು ಹಲವಲ್ಲ. ಮುಟ್ಟು ನಿಂತ ಮೇಲೆ ರಕ್ತಸ್ರಾವ, ಒಂದೇ ಕಾಲಿನಲ್ಲಿ ಬಾವು ಮತ್ತು ನೋವು, ಹಠಾತ್ತನೆ ಉಸಿರುಗಟ್ಟುವಿಕೆ ಅಥವಾ ಎದೆನೋವು, ಎರಡೂ ಪಾದಗಳಲ್ಲಿ ನೀರು ತುಂಬುವುದು, ಅಂಗಾತ ಮಲಗಿದರೆ ಏದುಸಿರು. ಇವು ಕಂಡೊಡನೆ ವೈದ್ಯರಲ್ಲಿಗೆ ಹೋಗಬೇಕು. ಉಸಿರಾಟದ ತೊಂದರೆಯಾದರೆ ಒಂದು ಗಳಿಗೆಯನ್ನೂ ಕಳೆಯಬಾರದು. ಖಿನ್ನತೆಗೆ ಕೊಡುವ ಪ್ಯಾರಾಕ್ಸೆಟಿನ್, ಫ್ಲುಆಕ್ಸೆಟಿನ್‌ನಂತಹ ಮಾತ್ರೆಗಳು ಟ್ಯಾಮಾಕ್ಸಿಫೆನ್ನಿನ ಬಲವನ್ನು ತಗ್ಗಿಸಬಲ್ಲವಾದ್ದರಿಂದ ಬೇರೆ ಮಾತ್ರೆಗಳ ವಿವರವನ್ನೂ ತಿಳಿಸಬೇಕು. ತಾವಾಗಿಯೇ ಔಷಧ ನಿಲ್ಲಿಸಬಾರದು.

ಔಷಧದಿಂದಾದ ತೊಂದರೆಯನ್ನು ಸರ್ಕಾರಕ್ಕೆ ವರದಿ ಮಾಡುವ ಅವಕಾಶ ರೋಗಿಗೂ ಉಂಟು. 2010ರಲ್ಲಿ ಆರಂಭವಾದ ಭಾರತೀಯ ಔಷಧ ಜಾಗರೂಕತಾ ಕಾರ್ಯಕ್ರಮದ ಕೇಂದ್ರ ಘಾಜಿಯಾಬಾದಿನಲ್ಲಿದೆ. ಅದರ ಉಚಿತ ದೂರವಾಣಿ 1800-180-3024. ಒಬ್ಬ ತಾಯಿ ಹೇಳಿಕೊಂಡ ತೊಂದರೆ ಅಲ್ಲಿ ದಾಖಲಾದರೆ, ಮುಂದೆ ಅದೇ ಮದ್ದನ್ನು ಸೇವಿಸುವ ಸಾವಿರಾರು ತಾಯಂದಿರಿಗೆ ಎಚ್ಚರಿಕೆಯಾಗುತ್ತದೆ. ತನ್ನ ನೋವಿನ ಅರಿವನ್ನು ಪರರಿಗೆ ಹಂಚುವುದೂ ಒಂದು ದಾಸೋಹವೇ ಸರಿ.

ಮನೆಯ ಗಂಡಸರಿಗೂ ಇಲ್ಲಿ ಕರ್ತವ್ಯವಿದೆ. ಮಾತ್ರೆ ತಂದುಕೊಟ್ಟರೆ ಮುಗಿಯಿತೆಂದು ಭಾವಿಸದೆ, ಅದು ಹೇಗೆ ಒಗ್ಗುತ್ತಿದೆ ಎಂದು ವಾರಕ್ಕೊಮ್ಮೆಯಾದರೂ ಕೇಳಬೇಕು. ಹೇಳಿದುದನ್ನು ಅಸಹ್ಯಪಡದೆ ಆಲಿಸಬೇಕು. ತಾಯಿಯ ದೇಹದ ಮಾತು ಮನೆಯಲ್ಲಿ ನಾಚಿಕೆಯ ಮಾತಾಗದಿದ್ದರೆ, ಅದು ಸಕಾಲದಲ್ಲಿ ವೈದ್ಯರನ್ನು ತಲುಪುತ್ತದೆ.